ಅಪ್ಪ, ಕೋಟೆ, ಕಪಿ, ಪದದಾಟ: ಊರಿನ ಗ್ರಂಥಾಲಯದಲ್ಲಿ ರಸಪ್ರಶ್ನೆ ನಡೆಸುವ ಬಗೆ

ಜೂನ್ 19 ಹತ್ತಿರ ಬಂತೆಂದರೆ ಕಾಸರಗೋಡಿನ ಶಾಲೆಗಳಲ್ಲಿ, ಗ್ರಂಥಾಲಯಗಳಲ್ಲಿ, ಯುವಕ ಸಂಘಗಳಲ್ಲಿ ರಸಪ್ರಶ್ನೆ ಶುರು. ಅಂದು ಕೇರಳದಲ್ಲಿ ವಾಚನಾ ದಿನ. ಗ್ರಂಥಾಲಯ ಚಳವಳಿಯ ಪಿತಾಮಹ ಎಂದು ಈ ರಾಜ್ಯ ನೆನೆಯುವ ಪಿ. ಎನ್. ಪಣಿಕ್ಕರ್ 1995ರಲ್ಲಿ ತೀರಿಕೊಂಡದ್ದು ಅದೇ ತಾರೀಕಿಗೆ. ಜೂನ್ ತಿಂಗಳ ಮೂರನೇ ಭಾನುವಾರ ಅಪ್ಪಂದಿರ ದಿನ. ಯಾವ ವರ್ಷವಾದರೂ ಅದು 15ರಿಂದ 21ರ ಒಳಗೇ ಬರುತ್ತದೆ. ಎರಡನ್ನೂ ಸೇರಿಸಿ ಊರಿನವರಿಗೆಲ್ಲ ಒಂದು ಸಂಜೆ ರಸಪ್ರಶ್ನೆ ಇಟ್ಟುಕೊಳ್ಳಲು ಇದಕ್ಕಿಂತ ಒಳ್ಳೆ ಸಮಯ ಇಲ್ಲ.

ಆದರೆ ಹೆಚ್ಚಿನ ಕಡೆ ಆಗುವುದೇ ಬೇರೆ. ಹಿಂದಿನ ರಾತ್ರಿ ಯಾರೋ ಒಬ್ಬರು ಫೋನಿನಲ್ಲಿ ಸಿಕ್ಕ ಪಟ್ಟಿಯನ್ನು ಬರೆದುಕೊಂಡು ಬರುತ್ತಾರೆ. ಸರಕಾರಿ ಕೆಲಸದ ಪಿಎಸ್‌ಸಿ ಪರೀಕ್ಷೆಗೆ ಓದುತ್ತಿರುವ ಒಬ್ಬರು ಎಲ್ಲದಕ್ಕೂ ಉತ್ತರ ಹೇಳಿ ಬಹುಮಾನ ತೆಗೆದುಕೊಂಡು ಹೋಗುತ್ತಾರೆ. ಉಳಿದವರು ಚಹಾ ಕುಡಿದು ಮನೆಗೆ. ಇಂಥ ರಸಪ್ರಶ್ನೆ ನನಗೆ ಹಿಡಿಸುವುದಿಲ್ಲ. ಪ್ರಶ್ನೆ ಎಂದರೆ ಸ್ವಲ್ಪ ಯೋಚಿಸಿದರೆ ಕೈಗೆಟುಕುವ ಹಾಗಿರಬೇಕು. ಉತ್ತರ ಕೇಳಿದಾಗ "ಛೇ, ಇದು ನನಗೆ ಗೊತ್ತಿತ್ತಲ್ವಾ" ಅನ್ನಿಸಬೇಕು. ಅಂಥ ಪ್ರಶ್ನೆ ಮಾಡುವುದು ಹೇಗೆ, ಸಂಜೆ ನಡೆಸುವುದು ಹೇಗೆ ಎಂದು ಇಲ್ಲಿ ಬರೆಯುತ್ತೇನೆ.

ಮೊದಲು ತಂಡ, ಆಮೇಲೆ ಪ್ರಶ್ನೆ

ಪ್ರಶ್ನೆ ಬರೆಯಲು ಕೂರುವ ಮುಂಚೆ ಎದುರಿಗೆ ಯಾರು ಕೂರುತ್ತಾರೆ ಎಂದು ನಿರ್ಧಾರ ಮಾಡಿ. ನನ್ನ ಸಲಹೆ, ಒಂದು ತಂಡದಲ್ಲಿ ಮೂವರು: ಒಬ್ಬರು ಅಜ್ಜನೋ ಅಜ್ಜಿಯೋ, ಒಬ್ಬರು ನಡು ವಯಸ್ಸಿನವರು, ಒಂದು ಶಾಲೆ ಮಗು. ಒಂದೇ ಮನೆಯವರೇ ಆಗಬೇಕೆಂದಿಲ್ಲ. ಪಕ್ಕದ ಮನೆಯ ಮಲಯಾಳ ಮಾಧ್ಯಮದ ಮಗು ಬಂದರೆ ಇನ್ನೂ ಒಳ್ಳೆಯದು.

ನಾಲ್ಕು ವಿಷಯ ಸಾಕು: ಅಪ್ಪ, ಹೆಸರಾದ ಜಾಗಗಳು, ಪ್ರಾಣಿಗಳು, ಪದದಾಟ. ತಾಳಮದ್ದಳೆ ಕೇಳಿ ಬೆಳೆದ ಅಜ್ಜನಿಗೆ ಪುರಾಣದ ಅಪ್ಪ-ಮಕ್ಕಳ ಕಥೆಯೆಲ್ಲ ಬಾಯಿಪಾಠ. ಮಕ್ಕಳಿಗೆ ಪ್ರಾಣಿ ಇಷ್ಟ. ನಡುವಿನವರು ನಾಲ್ಕು ಊರು ಸುತ್ತಿರುತ್ತಾರೆ. ಪದದಾಟಕ್ಕೆ ಮೂವರ ತಲೆಯೂ ಬೇಕು. ಮೂವರಲ್ಲಿ ಯಾರೂ ಸುಮ್ನೆ ಕೂರಬೇಕಾಗಿಲ್ಲ.

ಆಮೇಲೆ ಒಂದು ನೋಟ್‌ಬುಕ್ ಇಡಿ. ಒಂದು ಪ್ರಶ್ನೆಗೆ ಅರ್ಧ ಪುಟ. ಪ್ರಶ್ನೆ, ಉತ್ತರ, ಒಪ್ಪಬಹುದಾದ ಬೇರೆ ಉತ್ತರ, ಎಲ್ಲಿ ನೋಡಿ ಖಚಿತ ಮಾಡಿಕೊಂಡಿರಿ, ಯಾವ ತಾರೀಕಿಗೆ. ಕೊನೆಯ ಎರಡನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಜಗಳ ಬಂದಾಗ ಕೈ ಹಿಡಿಯುವುದು ಅವೇ.

ಅಪ್ಪನ ಸುತ್ತು

ಎಲ್ಲರೂ ಮೊದಲು ಬರೆಯುವುದು "ಯಾವುದರ ಪಿತಾಮಹ ಯಾರು" ಎಂಬ ಸಾಲು. ಭಾರತದ ಹಸಿರು ಕ್ರಾಂತಿ ಎಂದರೆ ಎಂ. ಎಸ್. ಸ್ವಾಮಿನಾಥನ್, ಕ್ಷೀರ ಕ್ರಾಂತಿ ಎಂದರೆ ಕೋಝಿಕ್ಕೋಡಿನಲ್ಲಿ ಹುಟ್ಟಿದ ವರ್ಗೀಸ್ ಕುರಿಯನ್, ಭಾರತೀಯ ಸಿನಿಮಾ ಎಂದರೆ ದಾದಾಸಾಹೇಬ್ ಫಾಲ್ಕೆ. ಇವು ಒಂದೆರಡು ಇರಲಿ. ಜಾಸ್ತಿ ಹಾಕಿದರೆ ಬಾಯಿಪಾಠದ ಸ್ಪರ್ಧೆಯಾಗುತ್ತದೆ. ಜೊತೆಗೆ, ಇಂಥ ಬಿರುದುಗಳು ಜನ ಪ್ರೀತಿಯಿಂದ ಕೊಟ್ಟವು. ಗಾಂಧೀಜಿಯನ್ನು ರಾಷ್ಟ್ರಪಿತ ಎಂದು 1944ರ ಜುಲೈ 6ರ ರೇಡಿಯೋ ಭಾಷಣದಲ್ಲಿ ಕರೆದವರು ಸುಭಾಷ್‌ಚಂದ್ರ ಬೋಸ್. ಸರಕಾರ ಆದೇಶ ಹೊರಡಿಸಿ ಕೊಟ್ಟ ಬಿರುದು ಅದಲ್ಲ. ಆದ್ದರಿಂದ "ಪಿತಾಮಹ ಯಾರು" ಎಂದು ಕೇಳಬೇಡಿ. "ಪಿತಾಮಹ ಎಂದು ಯಾರನ್ನು ಕರೆಯುತ್ತಾರೆ" ಎಂದು ಕೇಳಿ. ಒಂದು ಪದ ಬದಲಾದರೆ ಅರ್ಧ ತಕರಾರು ಕಡಿಮೆ.

ನಮ್ಮದೇ ಮಣ್ಣಿನವರನ್ನು ಮರೆಯಬೇಡಿ. ಯಕ್ಷಗಾನದ ಪಿತಾಮಹ ಎಂದು ಹೆಸರಾದ ಪಾರ್ತಿಸುಬ್ಬ ಕುಂಬಳೆಯವನು. ವಚನ ಪಿತಾಮಹ ಎಂದರೆ ಫ. ಗು. ಹಳಕಟ್ಟಿ. ಈ ಪಿತಾಮಹ ಎಂಬ ಪದವನ್ನೇ ಹಿಡಿದುಕೊಂಡು ಒಂದು ಪ್ರಶ್ನೆ ಮಾಡಬಹುದು. "ಮದುವೆ ಇಲ್ಲ, ಮಕ್ಕಳಿಲ್ಲ, ಆದರೂ ಇಡೀ ಕುಲಕ್ಕೆ ಪಿತಾಮಹ. ಯಾರು?" ಎಂದು ಕೇಳಿ. ಮಗು ಕಣ್ಣು ಬಿಡುತ್ತದೆ, ಅಜ್ಜ ಆಗಲೇ ಭೀಷ್ಮ ಎಂದು ಚೀಟಿಯಲ್ಲಿ ಬರೆದಿರುತ್ತಾರೆ.

ಪುರಾಣದಲ್ಲಿ ಅಪ್ಪ-ಮಕ್ಕಳ ಪ್ರಶ್ನೆಗೆ ಬರವೇ ಇಲ್ಲ. ಆದರೆ "ಅಭಿಮನ್ಯುವಿನ ತಂದೆ ಯಾರು" ಎಂದು ಕೇಳಿದರೆ ಅದು ಒಂದನೇ ಕ್ಲಾಸಿನ ಪ್ರಶ್ನೆ. ಕಥೆಯ ತಿರುವನ್ನು ಹಿಡಿದು ಕೇಳಬೇಕು. ತನ್ನ ಯೌವನವನ್ನೇ ಅಪ್ಪನಿಗೆ ಕೊಟ್ಟ ಮಗ ಯಾರು? ಯಯಾತಿಯ ಮಗ ಪೂರು. ಯುದ್ಧದಲ್ಲಿ ಅಪ್ಪನನ್ನೇ ಬೀಳಿಸಿದ ಮಗ? ಬಭ್ರುವಾಹನ, ಬಿದ್ದವನು ಅರ್ಜುನ. "ನನ್ನನ್ನು ಯಾರಿಗೆ ಕೊಡುತ್ತೀ" ಎಂದು ಮಗ ಮತ್ತೆ ಮತ್ತೆ ಕೇಳಿದಾಗ ಸಿಟ್ಟಿಗೆದ್ದ ಅಪ್ಪ "ಯಮನಿಗೆ" ಎಂದುಬಿಟ್ಟ. ಆ ಮಗ ನಚಿಕೇತ. ಜಟಾಯುವಿನ ಅಪ್ಪ ಸೂರ್ಯನ ಸಾರಥಿ ಅರುಣ. ಇದು ಅಪ್ಪನ ಪ್ರಶ್ನೆಯೂ ಹೌದು, ಹಕ್ಕಿಯ ಪ್ರಶ್ನೆಯೂ ಹೌದು. ಹೀಗೆ ಎರಡು ಸುತ್ತಿಗೆ ಸೇತುವೆಯಾಗುವ ಪ್ರಶ್ನೆ ಸಿಕ್ಕರೆ ಅದನ್ನು ಸುತ್ತಿನ ಕೊನೆಗೆ ಇಟ್ಟುಕೊಳ್ಳಿ.

ಚರಿತ್ರೆಯಲ್ಲೂ ಹುಡುಕಿ. ತಾಜ್‌ಮಹಲ್ ಕಟ್ಟಿಸಿದ ಷಹಜಹಾನನನ್ನು ಕೊನೆಗಾಲದಲ್ಲಿ ಆಗ್ರಾ ಕೋಟೆಯಲ್ಲಿ ಬಂಧನದಲ್ಲಿಟ್ಟವನು ಮಗ ಔರಂಗಜೇಬ. ವಿಜಯಪುರದಲ್ಲಿ ಅಪ್ಪನ ಗೋರಿ ಇಬ್ರಾಹಿಂ ರೋಜಾ, ಮಗನ ಗೋರಿ ಗೋಳಗುಮ್ಮಟ. ಇಬ್ರಾಹಿಂ ಆದಿಲ್‌ಷಾ ಅಪ್ಪ, ಮಹಮ್ಮದ್ ಆದಿಲ್‌ಷಾ ಮಗ. "ಒಂದೇ ಊರಿನಲ್ಲಿ ಅಪ್ಪನಿಗೊಂದು, ಮಗನಿಗೊಂದು ಹೆಸರಾಂತ ಕಟ್ಟಡ. ಮಗನದ್ದರಲ್ಲಿ ಪಿಸುಗುಟ್ಟಿದರೂ ಆಚೆ ಬದಿಗೆ ಕೇಳಿಸುತ್ತದೆ" ಎಂದು ಕೇಳಿ ನೋಡಿ. ಪ್ರವಾಸ ಹೋಗಿ ಬಂದ ಮಕ್ಕಳು ಎದ್ದು ನಿಲ್ಲುತ್ತಾರೆ.

ಪ್ರಾಣಿಗಳ ಸುತ್ತು

ಇದನ್ನು ಮೊದಲ ಸುತ್ತಾಗಿ ಇಡುವುದು ಒಳ್ಳೆಯದು. ಮಕ್ಕಳ ಅಳುಕು ಬೇಗ ಹೋಗುತ್ತದೆ.

ಅಪ್ಪಂದಿರ ದಿನಕ್ಕೆ ಹೊಂದುವ ಹಾಗೆ ಪ್ರಾಣಿಲೋಕದ ಅಪ್ಪಂದಿರನ್ನೇ ಹಿಡಿಯಿರಿ. ಕಡಲಕುದುರೆಯಲ್ಲಿ ಮರಿ ಹಾಕುವುದು ಗಂಡು. ಹೆಣ್ಣು ಮೊಟ್ಟೆಗಳನ್ನು ಗಂಡಿನ ಹೊಟ್ಟೆಯ ಚೀಲದಲ್ಲಿ ಇಡುತ್ತದೆ. ಎಂಪರರ್ ಪೆಂಗ್ವಿನ್ ಗಂಡು ಸುಮಾರು ಎರಡು ತಿಂಗಳು ಊಟ ಬಿಟ್ಟು, ಹಿಮದಲ್ಲಿ ನಿಂತು, ಪಾದಗಳ ಮೇಲೆ ಮೊಟ್ಟೆ ಕಾಯುತ್ತದೆ. ಕೇರಳದ ರಾಜ್ಯಪಕ್ಷಿ ಮಂಗಟ್ಟೆ ಹಕ್ಕಿಯ ಹೆಣ್ಣು ಮರದ ಪೊಟರೆಯೊಳಗೆ ಕೂತು ಪೊಟರೆಯ ಬಾಯಿ ಮುಚ್ಚಿಕೊಂಡುಬಿಡುತ್ತದೆ. ಸಣ್ಣ ಸೀಳಿನಿಂದ ಹಣ್ಣು ತಂದು ಉಣಿಸುವವನು ಗಂಡು.

ನಮ್ಮ ಕರಾವಳಿಗೆ ತೀರಾ ಹತ್ತಿರದ್ದು ತೇಡೆ ಮೀನು. ಮಲಯಾಳದವರು ಏಟ್ಟ ಎನ್ನುತ್ತಾರೆ. ಮೀನು ಮಾರುಕಟ್ಟೆಯಲ್ಲಿ ಮೀಸೆ ಬಿಟ್ಟುಕೊಂಡು ಬಿದ್ದಿರುವ ಇದನ್ನು ನೋಡದವರಿಲ್ಲ. ಕಡಲ ತೇಡೆಯ ಗಂಡು ಮೊಟ್ಟೆಗಳನ್ನು ಬಾಯಲ್ಲೇ ಇಟ್ಟುಕೊಂಡು, ಮರಿಯಾಗುವವರೆಗೆ ಉಪವಾಸ ಇರುತ್ತದೆ. ಬಾಯಿ ತುಂಬ ಗೋಲಿಯಂಥ ಮೊಟ್ಟೆ. ನುಂಗುವಂತಿಲ್ಲ, ಉಗುಳುವಂತಿಲ್ಲ. "ದಿನಾ ನೋಡುವ ಮೀನು, ಮೀಸೆ ಇದೆ, ಅಪ್ಪನ ಬಾಯಲ್ಲೇ ತೊಟ್ಟಿಲು" ಎಂದು ಕೇಳಿದರೆ ಮೀನು ತಿನ್ನುವ ಮನೆಯವರು ಹೇಗೂ ಊಹಿಸುತ್ತಾರೆ. ಮೀನು ತಿನ್ನದವರ ತಂಡವೂ ಇದ್ದರೆ "ಮೀಸೆ" ಎಂಬ ಸುಳಿವನ್ನು ಒತ್ತಿ ಹೇಳಿ.

ಹೆಸರಿನಿಂದ ಮೋಸ ಹೋಗುವ ಪ್ರಶ್ನೆಗಳು ಈ ಸುತ್ತಿನ ಬೆನ್ನೆಲುಬು. ಚಿಪ್ಪುಹಂದಿ, ಮುಳ್ಳುಹಂದಿ, ಕಾಡುಹಂದಿ: ಮೂರರಲ್ಲಿ ನಿಜವಾದ ಹಂದಿ ಯಾವುದು? ಕಾಡುಹಂದಿ ಮಾತ್ರ. ಮುಳ್ಳುಹಂದಿ ಇಲಿ, ಅಳಿಲುಗಳ ಬಳಗದ್ದು. ನಕ್ಷತ್ರಮೀನು, ಕಡಲಕುದುರೆ: ಇವೆರಡರಲ್ಲಿ ಮೀನು ಯಾವುದು? ಕುದುರೆಯೇ ಮೀನು, ಮೀನು ಮೀನಲ್ಲ. ಇದನ್ನು ಕೇಳಿದಾಗ ಹಾಲ್‌ನಲ್ಲಿ ಏಳುವ ಗುಸುಗುಸು ಕೇಳಲು ಖುಷಿಯಾಗುತ್ತದೆ.

ಗಡಿಯ ಪ್ರಶ್ನೆಯೂ ಒಂದಿರಲಿ. ಕರ್ನಾಟಕ, ಕೇರಳ ಎರಡಕ್ಕೂ ಒಂದೇ ರಾಜ್ಯಪ್ರಾಣಿ. ಯಾವುದು? ಆನೆ. ಕಾಸರಗೋಡು ಜಿಲ್ಲೆಗೆ ಈಗ ತನ್ನದೇ ಹಕ್ಕಿಯೂ ಇದೆ, ಬಿಳಿ ಹೊಟ್ಟೆಯ ಕಡಲ ಹದ್ದು. ಜಿಲ್ಲೆಯ ಮರ ಕಾಸರಕ.

ಜಾಗಗಳ ಸುತ್ತು

ಚಿತ್ರ ತೋರಿಸಿ ಕೇಳುವುದು ಸುಲಭ. ಆದರೆ ಮಳೆಗಾಲದ ಸಂಜೆ ಕರೆಂಟಿನ ಭರವಸೆ ಇಲ್ಲ, ಹಿಂದೆ ಕೂತವರಿಗೆ ಚಿತ್ರ ಕಾಣುವುದೂ ಇಲ್ಲ. ಬಾಯಲ್ಲೇ ಸುಳಿವು ಕೊಡುವ ಪ್ರಶ್ನೆ ಮಾಡಿ. ಒಂದೇ ಜಾಗಕ್ಕೆ ನಾಲ್ಕು ಸುಳಿವು, ಕಷ್ಟದಿಂದ ಸುಲಭಕ್ಕೆ. ಮೊದಲ ಸುಳಿವಿಗೇ ಬರೆದವರಿಗೆ ನಾಲ್ಕು ಅಂಕ, ಕೊನೆಯದಕ್ಕೆ ಒಂದು.

ಬೇಕಲ ಕೋಟೆಯನ್ನೇ ತೆಗೆದುಕೊಳ್ಳಿ. ಮೊದಲ ಸುಳಿವು: "ನಾನು ದೊಡ್ಡ ಕೋಟೆ, ಆದರೆ ನನ್ನೊಳಗೆ ಅರಮನೆ ಇಲ್ಲ. ಕಾವಲಿಗೆಂದೇ ಕಟ್ಟಿದ್ದು." ಎರಡನೆಯದು: "ಕೆಳದಿಯ ಶಿವಪ್ಪ ನಾಯಕ 1650ರ ಸುಮಾರಿಗೆ ಕಟ್ಟಿಸಿದ ಎನ್ನುತ್ತಾರೆ." ಮೂರನೆಯದು: "ನನ್ನ ಬಾಗಿಲ ಬಳಿ ಆಂಜನೇಯನ ಗುಡಿ, ಬೆನ್ನಿಗೆ ಅರಬ್ಬೀ ಸಮುದ್ರ." ನಾಲ್ಕನೆಯದು: "ಕೇರಳದ ಅತಿ ದೊಡ್ಡ ಕೋಟೆ, ಕಾಸರಗೋಡಿನಿಂದ ಕಾಞಂಗಾಡಿಗೆ ಹೋಗುವ ದಾರಿಯಲ್ಲಿ." ಇಲ್ಲಿ ಗಮನಿಸಿ, ಮೊದಲ ಸುಳಿವು ಓದಿದವರಿಗಲ್ಲ, ಹೋಗಿ ನೋಡಿದವರಿಗೆ. ಕೋಟೆಯೊಳಗೆ ಸುತ್ತಾಡಿ "ರಾಜ ಎಲ್ಲಿ ಮಲಗುತ್ತಿದ್ದ?" ಎಂದು ಕೇಳಿದ ಮಗುವಿಗೆ ಅದು ಹೊಳೆಯುತ್ತದೆ. ಇದೇ ಅಳತೆಗೋಲು ಇಟ್ಟುಕೊಳ್ಳಿ.

ಅನಂತಪುರದ ಕೆರೆ ದೇವಸ್ಥಾನ, ಮಂಜೇಶ್ವರದಲ್ಲಿ ರಾಷ್ಟ್ರಕವಿ ಗೋವಿಂದ ಪೈಗಳ ನೆನಪಿನ ಗಿಳಿವಿಂಡು ಸ್ಮಾರಕ, ತಳಂಗರೆಯ ಮಾಲಿಕ್ ದೀನಾರ್ ಮಸೀದಿ, 1916ರಲ್ಲಿ ತೆಂಗು ಸಂಶೋಧನೆಗೆಂದು ಶುರುವಾಗಿ ಈಗ ತೋಟದ ಬೆಳೆಗಳ ಕೇಂದ್ರ ಸಂಶೋಧನಾ ಸಂಸ್ಥೆಯಾಗಿರುವ ಕಾಸರಗೋಡಿನ ಆವರಣ, ಇವಕ್ಕೆಲ್ಲ ಹೀಗೇ ಸುಳಿವು ಕಟ್ಟಬಹುದು.

ಕಟ್ಟಡವಲ್ಲದ ಹೆಗ್ಗುರುತೂ ಇರುತ್ತದೆ. ಸುಪ್ರೀಂ ಕೋರ್ಟಿನ ಇತಿಹಾಸದಲ್ಲೇ ಅತಿ ದೊಡ್ಡ ಪೀಠ, 13 ನ್ಯಾಯಮೂರ್ತಿಗಳು ಕೂತು ಕೇಳಿದ ಮೊಕದ್ದಮೆ ಯಾವುದು? ತೀರ್ಪು ಬಂದದ್ದು 1973ರ ಏಪ್ರಿಲ್ 24ರಂದು, 7-6ರಲ್ಲಿ. ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ಕೆಡಿಸುವಂತಿಲ್ಲ ಎಂದು ಹೇಳಿದ ತೀರ್ಪು ಅದು. ಅರ್ಜಿ ಹಾಕಿದ ಕೇಶವಾನಂದ ಭಾರತಿ ಸ್ವಾಮೀಜಿ ನಮ್ಮ ಎಡನೀರು ಮಠದವರು. ದೇಶದ ಎಲ್ಲ ಕಾನೂನು ಕಾಲೇಜುಗಳಲ್ಲಿ ಓದುವ ಹೆಸರು ನಮ್ಮ ಊರಿನ ಮಗ್ಗುಲಲ್ಲೇ ಇದೆ ಎಂದು ಮಕ್ಕಳಿಗೆ ಗೊತ್ತಾಗಲೇಬೇಕು. ಈ ಪ್ರಶ್ನೆ ಬಿಡಬೇಡಿ.

ಪದದಾಟ

ಕನ್ನಡದಲ್ಲಿ ಪದದಾಟ ಮಾಡುವಾಗ ಒಂದು ನಿಯಮ ಮೊದಲೇ ಹೇಳಿಬಿಡಿ: ಲೆಕ್ಕ ಅಕ್ಷರದ್ದು. ಕಾಗುಣಿತ, ಒತ್ತು ಎಲ್ಲ ಸೇರಿ ಒಂದು ಅಕ್ಷರ. 'ಮಧ್ಯಮ' ಎಂದರೆ ಮೂರೇ ಅಕ್ಷರ, ತಿರುಗಿಸಿದರೂ ಮಧ್ಯಮವೇ. ಕಿಟಕಿ, ನಯನ, ಸಮಾಸ, ಗದಗ ಎಲ್ಲ ಹೀಗೇ.

ಪಟ್ಟಿ ಕೊಟ್ಟು ಕೇಳಿದರೆ ರುಚಿ ಇಲ್ಲ. ಅರ್ಥದ ಸುಳಿವಿನ ಜೊತೆ ಕೇಳಿ. "ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ರಾಷ್ಟ್ರಪಿತ ನಡೆಸಿದ ಗುಜರಾತಿ ಪತ್ರಿಕೆ." ಉತ್ತರ ನವಜೀವನ, ಗಾಂಧೀಜಿ 1919ರಲ್ಲಿ ಅದರ ಸಂಪಾದಕರಾದರು. ಅಪ್ಪ, ಚರಿತ್ರೆ, ಪದದಾಟ ಮೂರೂ ಒಂದೇ ಪ್ರಶ್ನೆಯಲ್ಲಿ ಸಿಕ್ಕಿತಲ್ಲ. ಇನ್ನೊಂದು: "ನಾನು ಮರ ಹತ್ತುತ್ತೇನೆ. ತಿರುಗಿಸಿದರೆ ಮರದಲ್ಲಿ ಕೂತು ಹಾಡುತ್ತೇನೆ." ಕಪಿ, ಪಿಕ. ಪಿಕ ಎಂದರೆ ಕೋಗಿಲೆ ಎಂದು ಅಜ್ಜಿಗೆ ಗೊತ್ತು, ಕಪಿ ಮಗುವಿಗೆ ಗೊತ್ತು. "ಎರಡೂ ರಾಜ್ಯದ ಪ್ರಾಣಿ ನಾನು, ತಿರುಗಿ ನಿಂತರೆ ಇಡೀ ಲೋಕ." ಗಜ, ಜಗ. "ನಾನು ಹರಿಯುತ್ತೇನೆ, ತಿರುಗಿದರೆ ಕಳೆಯುತ್ತೇನೆ." ನದಿ, ದಿನ. "ಕುಬೇರನಿಗೇನಿರಬೇಕು" ಎಂಬ ಒಂಬತ್ತು ಅಕ್ಷರವನ್ನು ಬೋರ್ಡಿನ ಮೇಲೆ ಬರೆದು "ಇದರಲ್ಲಿ ಏನು ವಿಶೇಷ?" ಎಂದಷ್ಟೇ ಕೇಳಿ ಸುಮ್ಮನಾಗಿ. ಹಿಂದಿನಿಂದ ಓದಿ ನೋಡಿದವರಿಗೆ ಅಂಕ.

ಒಂದು ಎಚ್ಚರಿಕೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ 'ಮಲಯಾಳಂ' ಎಂಬ ಹೆಸರು ಎರಡೂ ಕಡೆಯಿಂದ ಒಂದೇ. ಕನ್ನಡ ಲಿಪಿಯಲ್ಲೂ ಮಲಯಾಳ ಲಿಪಿಯಲ್ಲೂ ಅದು ಹಾಗಲ್ಲ. ಯಾವ ಲಿಪಿ ಎಂದು ಪ್ರಶ್ನೆಯಲ್ಲೇ ಹೇಳಿ.

ಊರಿನ ಹೆಸರುಗಳಲ್ಲಿ ಒಗಟು ಕೂತೇ ಇದೆ. "ಹೆಸರಲ್ಲಿ ಚಂದ್ರನಿದ್ದಾನೆ, ಬೆಟ್ಟವೂ ಇದೆ. ಆದರೆ ದಾಟಲು ಸೇತುವೆ ಬೇಕು." ಚಂದ್ರಗಿರಿ ಹೊಳೆ. "ನಮ್ಮ ಜಿಲ್ಲೆಯ ಎರಡು ಹೊಳೆ. ಒಂದರ ಹೆಸರಲ್ಲಿ ಹಾಲು, ಇನ್ನೊಂದರಲ್ಲಿ ಜೇನು." ಪಯಸ್ವಿನಿ, ಮಧುವಾಹಿನಿ. ಆ ಜೇನಿನ ಹೊಳೆಯ ದಡದಲ್ಲೇ ಮಧೂರು ದೇವಸ್ಥಾನ. ಅಲ್ಲಿಂದ ಇನ್ನೊಂದು ಪ್ರಶ್ನೆ: "ಕರೆದರೆ ಬರುವ ಅಪ್ಪ ಮನೆಯಲ್ಲಿ. ಕಡಿದರೆ ಸಿಹಿಯಾಗುವ ಅಪ್ಪ ಎಲ್ಲಿ?" ಮಧೂರು ಗಣಪತಿಯ ಅಪ್ಪ ಪ್ರಸಾದ ತಿನ್ನದವರು ಈ ಕಡೆ ಯಾರಿದ್ದಾರೆ! ಈ ಪ್ರಶ್ನೆಗೆ ಎಲ್ಲ ತಂಡಗಳೂ ಅಂಕ ಪಡೆಯುತ್ತವೆ. ಪಡೆಯಲಿ. ಎಲ್ಲರೂ ಗೆಲ್ಲುವ ಪ್ರಶ್ನೆ ಪ್ರತಿ ಸುತ್ತಿಗೆ ಒಂದು ಬೇಕು.

ಏಳು ಭಾಷೆಯ ನಾಡಿಗೆ ತಕ್ಕ ಪ್ರಶ್ನೆ ಎಂದರೆ ಇದು: "ಕನ್ನಡದಲ್ಲಿ ಅಪ್ಪ ಎಂದರೆ ತಂದೆ. ಹೆಚ್ಚುಕಡಿಮೆ ಅದೇ ಪದ ಪಕ್ಕದ ಮನೆಯ ಭಾಷೆಯಲ್ಲಿ ತಾಯಿ. ಯಾವ ಭಾಷೆ?" ತುಳು. ತುಳುವಿನಲ್ಲಿ ಅಪ್ಪೆ ಎಂದರೆ ಅಮ್ಮ, ಅಮ್ಮೆರ್ ಎಂದರೆ ಅಪ್ಪ. ತುಳು ಮನೆಯ ಮಗು ಎರಡೂ ತಂಡದ ಮಧ್ಯೆ ಕೂತು ನಗುತ್ತಿರುತ್ತದೆ. ಮುಂದುವರಿಸಿ, ತಂದೆಯನ್ನು ಕರೆಯುವ ಪದ ಎಷ್ಟು ಭಾಷೆಯಲ್ಲಿ ಬರೆಯುತ್ತೀರಿ ಎಂದು ಒಂದು ನಿಮಿಷ ಕೊಡಿ. ಅಚ್ಛನ್, ಉಪ್ಪ, ಬಾಬಾ, ಹೀಗೆ ಪದಕ್ಕೊಂದು ಅಂಕ.

ಹಳಸಿದ ಪ್ರಶ್ನೆಗಳನ್ನು ತೆಗೆಯುವುದು

ಪ್ರಶ್ನೆ ಬರೆದು ಮುಗಿಸಿ ಎರಡು ದಿನ ಬಿಟ್ಟು ಮತ್ತೆ ಕೂತು ಒಂದೊಂದನ್ನೂ ಎರಡು ಕಡೆ ನೋಡಿ ಖಚಿತ ಮಾಡಿಕೊಳ್ಳಿ. ಒಂದೇ ಮಾತನ್ನು ನಕಲು ಮಾಡಿದ ಎರಡು ಪುಟ ಎಂದರೆ ಎರಡು ಕಡೆ ಅಲ್ಲ.

ಸಾಮಾನ್ಯ ಜ್ಞಾನದ ಪುಸ್ತಕಗಳು ಬೇಗ ಹಳತಾಗುತ್ತವೆ. ವಿಜಯನಗರ ಜಿಲ್ಲೆ 2021ರಲ್ಲಿ ಸೇರಿದ ಮೇಲೆ ಕರ್ನಾಟಕದ ಜಿಲ್ಲೆಗಳು 31. ಹಳೆ ಪುಸ್ತಕದಲ್ಲಿ 30 ಎಂದಿರುತ್ತದೆ. ಭಾರತದಲ್ಲಿ ಚೀತಾ ಇಲ್ಲ ಎಂಬುದು 2022ರ ಸೆಪ್ಟೆಂಬರ್‌ವರೆಗೆ ಸರಿಯಿತ್ತು. ಈಗ ಮಧ್ಯಪ್ರದೇಶದ ಕುನೋ ಕಾಡಿನಲ್ಲಿವೆ. ಅನಂತಪುರದ ಕೆರೆಯ ಮೊಸಳೆ ಬಬಿಯಾ 2022ರ ಅಕ್ಟೋಬರ್‌ನಲ್ಲಿ ಸತ್ತಿತು. ಮರುವರ್ಷ ಅದೇ ಕೆರೆಯಲ್ಲಿ ಇನ್ನೊಂದು ಮೊಸಳೆ ಕಾಣಿಸಿತು. ಆದ್ದರಿಂದ "ಕೆರೆಯಲ್ಲಿರುವ ಮೊಸಳೆಯ ಹೆಸರೇನು" ಎಂದು ಈಗ ಕೇಳುವಂತಿಲ್ಲ.

ಇನ್ನು ಕೆಲವು ಮೊದಲಿನಿಂದಲೂ ತಪ್ಪು. ಚೀನಾದ ಗೋಡೆ ಚಂದ್ರನಿಂದ ಬರಿಗಣ್ಣಿಗೆ ಕಾಣುವುದಿಲ್ಲ. ಉಷ್ಟ್ರಪಕ್ಷಿ ಹೆದರಿ ಮರಳಲ್ಲಿ ತಲೆ ಹುದುಗಿಸುವುದಿಲ್ಲ. ಕೆಂಪು ಬಣ್ಣ ಕಂಡು ಹೋರಿ ಸಿಟ್ಟಿಗೇಳುವುದಿಲ್ಲ, ಅದಕ್ಕೆ ಕೆಂಪು ಸರಿಯಾಗಿ ಕಾಣುವುದೇ ಇಲ್ಲ. ಇವನ್ನು ಬಿಸಾಡಬೇಡಿ. "ಸರಿಯೋ ತಪ್ಪೋ" ಎಂಬ ಸಣ್ಣ ಸುತ್ತು ಇವುಗಳಿಂದಲೇ ಆಗುತ್ತದೆ.

ಆ ಸಂಜೆ

ಒಂದು ಗಂಟೆಗೆ ಇಪ್ಪತ್ತರಿಂದ ಇಪ್ಪತ್ತೈದು ಪ್ರಶ್ನೆ ಸಾಕು. ಬಝರ್ ಬೇಡ. ಸರದಿ ಪ್ರಕಾರ ಕೇಳಿ ಪಾಸ್ ಮಾಡುವ ಪದ್ಧತಿಯೂ ಬೇಡ. ಅದರಲ್ಲಿ ಯಾರ ಪಾಲಿಗೆ ಯಾವ ಪ್ರಶ್ನೆ ಬಂತು ಎಂಬುದರ ಮೇಲೆ ಗೆಲುವು ನಿಂತಿರುತ್ತದೆ. ಎಲ್ಲ ತಂಡಗಳಿಗೂ ಎಲ್ಲ ಪ್ರಶ್ನೆ, ಉತ್ತರ ಚೀಟಿಯಲ್ಲಿ. ಇದು ಎಲ್ಲಕ್ಕಿಂತ ನ್ಯಾಯ. ಬರೆಯುವ ಕೆಲಸ ಮಗುವಿಗೆ ಕೊಡಿ.

ಪ್ರತಿ ಪ್ರಶ್ನೆಯನ್ನು ಎರಡು ಸಲ, ನಿಧಾನವಾಗಿ ಓದಿ. ಶೀಟಿನ ಮಾಡಿನ ಮೇಲೆ ಮಳೆ ಬಿದ್ದರೆ ಮೈಕ್ ಇದ್ದರೂ ಕೇಳಿಸುವುದಿಲ್ಲ, ಅದಕ್ಕೆ ಒಂದು ಕರಿಹಲಗೆ ಪಕ್ಕದಲ್ಲಿರಲಿ. ಪದದಾಟವನ್ನಂತೂ ಬರೆದೇ ತೋರಿಸಿ. ಉತ್ತರ ಯಾವ ಭಾಷೆಯಲ್ಲಿದ್ದರೂ ಒಪ್ಪಿಕೊಳ್ಳಿ. ಮಂಗಟ್ಟೆ ಎಂದರೂ ಸರಿ, ವೇಳಾಂಬಲ್ ಎಂದರೂ ಸರಿ. ಸುತ್ತು ಮುಗಿದ ಕೂಡಲೇ ಚೀಟಿ ಸಂಗ್ರಹಿಸಿ, ಆಮೇಲೆ ಉತ್ತರ ಹೇಳಿ. ಉತ್ತರದ ಜೊತೆ ಎರಡು ಸಾಲು ಕಥೆ ಹೇಳಿ, ಜನ ಮನೆಗೆ ಹೊತ್ತುಕೊಂಡು ಹೋಗುವುದು ಅದನ್ನೇ. ಫೋನುಗಳು ಬುಟ್ಟಿಯಲ್ಲಿರಲಿ.

ತಕರಾರು ಬಂದರೆ ನೋಟ್‌ಬುಕ್ ತೆಗೆಯಿರಿ. ಆ ಉತ್ತರಕ್ಕೂ ಆಧಾರ ಇದ್ದರೆ ಅಂಕ ಕೊಟ್ಟುಬಿಡಿ. ಇಲ್ಲದಿದ್ದರೆ ಪ್ರಶ್ನೆಯನ್ನೇ ರದ್ದು ಮಾಡಿ ಬೇರೆ ಕೇಳಿ. ಅದಕ್ಕೆ ಮೂರ್ನಾಲ್ಕು ಪ್ರಶ್ನೆ ಹೆಚ್ಚಿಗೆ ಇಟ್ಟುಕೊಂಡಿರಬೇಕು.

ಅಂಕ ಸಮ ಬಂದರೆ ಸಂಖ್ಯೆಯ ಪ್ರಶ್ನೆ ಕೇಳಿ, ಹತ್ತಿರ ಬರೆದವರು ಗೆದ್ದರು. ಗುಜರಾತಿನ ಸರ್ದಾರ್ ಪಟೇಲರ ಏಕತಾ ಪ್ರತಿಮೆಯ ಎತ್ತರ ಎಷ್ಟು ಮೀಟರ್? 182. ಕುತುಬ್ ಮಿನಾರ್? ಸುಮಾರು 73. ಮೂವರೂ ಪಿಸುಪಿಸು ಮಾತಾಡಿ, ಜಗಳ ಮಾಡಿ, ಕೊನೆಗೆ ಮಗು ಹೇಳಿದ್ದನ್ನೇ ಬರೆಯುತ್ತಾರೆ. ಬಹುಮಾನ ಪುಸ್ತಕವೇ ಆಗಿರಲಿ, ಮೂವರಿಗೆ ಮೂರು. ಮರುದಿನ ಪ್ರಶ್ನೆ-ಉತ್ತರವನ್ನೆಲ್ಲ ದಪ್ಪ ಅಕ್ಷರದಲ್ಲಿ ಬರೆದು ಗ್ರಂಥಾಲಯದ ನೋಟಿಸ್ ಬೋರ್ಡಿಗೆ ಹಚ್ಚಿ. ಬರಲಾಗದವರು ನಿಂತು ಓದುತ್ತಾರೆ, ತಪ್ಪಿದ್ದರೆ ಹೇಳುತ್ತಾರೆ. ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ.